ಸಾಲಕ್ಕೆಂದು ಐಟಿ ರಿಟರ್ನ್ ಹಾಕಿದೆವು, ಬಿಪಿಎಲ್ ಕಾರ್ಡು ಹೋಯಿತು: ಈಗೇನು ಮಾಡೋದು?

ಪ್ರಶ್ನೆ: ನಮ್ಮದು ತುರುವೇಕೆರೆ ಕಡೆ ಹಳ್ಳಿ. ಕಾರ್ಡಿನಲ್ಲಿ ಅತ್ತೆ (67 ವರ್ಷ, ಅವರೇ ಯಜಮಾನಿ), ನನ್ನ ಯಜಮಾನರು, ನಾನು, ಇಬ್ಬರು ಮಕ್ಕಳು ಇದ್ದೇವೆ. ಯಜಮಾನರು ಎಳನೀರು, ಕೊಬ್ಬರಿ ಸಾಗಿಸುವ ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಾರೆ. ಗಾಡಿ ಸಾಲಕ್ಕೆ ಬ್ಯಾಂಕಿನವರು ಎರಡು ವರ್ಷದ ಐಟಿ ರಿಟರ್ನ್ ಕೇಳಿದರು ಅಂತ ಆಡಿಟರ್ ಹತ್ತಿರ ಹಾಕಿಸಿದೆವು. ಒಂದು ರೂಪಾಯಿ ತೆರಿಗೆಯನ್ನೂ ಕಟ್ಟಿಲ್ಲ. ಈಗ ನ್ಯಾಯಬೆಲೆ ಅಂಗಡಿಯವರು "ನೀವು ಐಟಿ ಕಟ್ಟೋರು ಅಂತ ಲಿಸ್ಟಲ್ಲಿ ಬಂದಿದೆ, ಕಾರ್ಡು ಎಪಿಎಲ್ ಆಗಿದೆ" ಅಂತಾರೆ. ಅತ್ತೆಯ ಗೃಹಲಕ್ಷ್ಮಿ ಹಣವೂ ನಿಂತಿದೆ. ಪಕ್ಕದ ಮನೆಯವರದು ಎರಡಂತಸ್ತಿನ ಮನೆ, ಬಡ್ಡಿ ವ್ಯವಹಾರ. ಅವರ ಬಿಪಿಎಲ್ ಕಾರ್ಡಿಗೆ ಏನೂ ಆಗಿಲ್ಲ. ಕಂಪ್ಯೂಟರು ತಪ್ಪು ಮಾಡಲ್ಲ ಅಂತಾರಲ್ಲ, ಹಾಗಾದರೆ ಇದೇನು? ಡೇಟಾ ಗೀಟಾ ಅನ್ನೋದೆಲ್ಲ ಬಡವರ ಕಾರ್ಡು ಕಿತ್ತುಕೊಳ್ಳೋ ನೆಪವೇ? ಸರಿಮಾಡಿಸೋಕೆ ಯಾರ ಹತ್ತಿರ ಹೋಗಬೇಕು? ಯಜಮಾನರ ಹೆಸರು ತೆಗೆಸಿ ಬೇರೆ ಕಾರ್ಡು ಮಾಡಿಸಿ ಅಂತ ಒಬ್ಬರು ಹೇಳುತ್ತಿದ್ದಾರೆ, ಮಾಡಿಸಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಹೆಣೆದುಕೊಂಡಿವೆ. ನಿಮ್ಮ ಮನೆಯ ಕಾರ್ಡು ಒಂದು, ಪಕ್ಕದ ಮನೆಯ ಕಾರ್ಡು ಇನ್ನೊಂದು, ಸರಕಾರ ಈ ಮಾಹಿತಿಯನ್ನೆಲ್ಲ ಯಾಕೆ ಕಲೆಹಾಕುತ್ತಿದೆ ಅನ್ನುವ ಅನುಮಾನ ಮತ್ತೊಂದು. ಫಲಾನುಭವಿ ಪಟ್ಟಿಗಳನ್ನು ತಾಳೆ ನೋಡುವ ಕೆಲಸದಲ್ಲಿ ವರ್ಷಗಟ್ಟಲೆ ಕೂತವನಾಗಿ ಹೇಳುತ್ತೇನೆ, ಮೂರಕ್ಕೂ ಉತ್ತರ ಇದೆ. ಆದರೆ ಮೂರೂ ನಿಮಗೆ ಹಿತವಾಗಿರುತ್ತವೆ ಅಂತ ಹೇಳಲಾರೆ.

ಮೊದಲು, ಪಟ್ಟಿಯಲ್ಲಿ ನೀವು ಬಂದದ್ದು ಹೇಗೆ? ಪ್ಯಾನ್ ಕಾರ್ಡಿಗೆ ಆಧಾರ್ ಜೋಡಣೆಯಾಗಿದೆ, ರೇಷನ್ ಕಾರ್ಡಿಗೂ ಆಗಿದೆ. ಎರಡು ಕಡೆಯ ಆಧಾರ್ ಸಂಖ್ಯೆ ಪಕ್ಕಪಕ್ಕ ಇಟ್ಟರೆ ಯಾರ ಮನೆಯಲ್ಲಿ ಯಾರು ರಿಟರ್ನ್ ಹಾಕಿದ್ದಾರೆ ಅನ್ನುವುದು ಕ್ಷಣದಲ್ಲಿ ಹೊರಬೀಳುತ್ತದೆ. ನಮ್ಮ ರಾಜ್ಯದಲ್ಲಿ ‘ಕುಟುಂಬ’ ಅನ್ನುವ ತಂತ್ರಾಂಶ ರೇಷನ್ ಕಾರ್ಡನ್ನೇ ಬುನಾದಿಯಾಗಿಟ್ಟುಕೊಂಡು ಒಂದು ಮನೆಯವರನ್ನೆಲ್ಲ ಒಂದೇ ಗುರುತಿನ ಸಂಖ್ಯೆಯ ಕೆಳಗೆ ತಂದಿದೆ. ಹಾಗಾಗಿ ಮಗನ ಹೆಸರಿನ ಒಂದು ಗುರುತು ತಾಯಿಯ ಕಾರ್ಡಿನ ಮೇಲೂ ಬೀಳುತ್ತದೆ. ನಿಮ್ಮ ವಿಷಯದಲ್ಲಿ ಕಂಪ್ಯೂಟರು ಬೇರೆ ಯಾರನ್ನೋ ನಿಮ್ಮ ಯಜಮಾನರು ಅಂದುಕೊಂಡಿಲ್ಲ. ವ್ಯಕ್ತಿ ಅವರೇ, ರಿಟರ್ನೂ ಅವರದೇ. ಎಡವಟ್ಟಾಗಿರುವುದು ಅರ್ಥಮಾಡಿಕೊಳ್ಳುವಲ್ಲಿ. ನಿಯಮ ಹೇಳುವುದು ‘ಆದಾಯ ತೆರಿಗೆ ಪಾವತಿದಾರರು’ ಎಂದು. ಪಟ್ಟಿ ಹಿಡಿದಿರುವುದು ರಿಟರ್ನ್ ಹಾಕಿದವರನ್ನು. ಹಳೆಯ ಪದ್ಧತಿಯಲ್ಲಿ ವರಮಾನ 5 ಲಕ್ಷದವರೆಗಿದ್ದರೆ, ಹೊಸ ಪದ್ಧತಿಯಲ್ಲಿ 2023-24ರಿಂದ 7 ಲಕ್ಷದವರೆಗೆ ಮತ್ತು 2025-26ರಿಂದ 12 ಲಕ್ಷದವರೆಗಿದ್ದರೆ ರಿಯಾಯಿತಿ ಕಳೆದು ಕಟ್ಟಬೇಕಾದ ತೆರಿಗೆ ಸೊನ್ನೆ. ಸಾಲಕ್ಕೆ, ವೀಸಾಕ್ಕೆ, ಬ್ಯಾಂಕು ಮುರಿದುಕೊಂಡ ಟಿಡಿಎಸ್ ವಾಪಸ್ ಪಡೆಯೋಕೆ ಅಂತ ರಿಟರ್ನ್ ಹಾಕಿ ಸೊನ್ನೆ ತೆರಿಗೆ ತೋರಿಸುವ ಜನ ಊರೂರಲ್ಲೂ ಇದ್ದಾರೆ.

2024ರ ನವೆಂಬರಿನಲ್ಲಿ ರಾಜ್ಯದಲ್ಲಿ ದೊಡ್ಡ ಸಂಖ್ಯೆಯಲ್ಲಿ ಬಿಪಿಎಲ್ ಕಾರ್ಡುಗಳು ಎಪಿಎಲ್ ಆದಾಗ ಎದ್ದ ಗಲಾಟೆ ನಿಮಗೆ ನೆನಪಿರಬೇಕು. ಕೊನೆಗೆ ಸರಕಾರವೇ, ಸರಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಕಾರ್ಡು ಮೊದಲಿನಂತೆ ಮಾಡಿಕೊಡಿ ಎಂದು ಹೇಳಬೇಕಾಯಿತು. ಅಲ್ಲೂ ‘ಪಾವತಿದಾರ’ ಅನ್ನುವ ಮಾತೇ ಇತ್ತು. ನಿಮ್ಮ ಅರ್ಜಿ ನಿಲ್ಲಬೇಕಾದದ್ದು ಇದರ ಮೇಲೆ.

ಗೃಹಲಕ್ಷ್ಮಿಯದು ಬೇರೆ ಲೆಕ್ಕ. ಆ ಯೋಜನೆಗೆ ಬಿಪಿಎಲ್ ಕಾರ್ಡೇ ಆಗಬೇಕೆಂದಿಲ್ಲ. ಎಪಿಎಲ್, ಅಂತ್ಯೋದಯ ಕಾರ್ಡಿನ ಯಜಮಾನಿಗೂ ಹಣ ಬರುತ್ತದೆ. ಯಜಮಾನಿ ಅಥವಾ ಆಕೆಯ ಗಂಡ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ ಹಾಕುವವರಾಗಿದ್ದರೆ ಸಿಗುವುದಿಲ್ಲ. ಇಲ್ಲಿ ಯಜಮಾನಿ ನಿಮ್ಮ ಅತ್ತೆ, ರಿಟರ್ನ್ ಹಾಕಿದ್ದು ಅವರ ಮಗ. ಮಗನ ರಿಟರ್ನ್ ಆ ಹಣ ನಿಲ್ಲಿಸೋಕೆ ಕಾರಣವಾಗಬಾರದು. ಹಾಗಾಗಿ ಹಣ ನಿಂತದ್ದು ಬೇರೆ ಕಾರಣಕ್ಕೂ ಇರಬಹುದು: ಕಾರ್ಡು ಬದಲಾಗುವಾಗ ಸ್ಥಿತಿ ‘ರದ್ದು’ ಅಂತ ದಾಖಲಾಗಿರಬಹುದು, ಅಥವಾ ಅತ್ತೆಯವರ ಆಧಾರ್ ಇತ್ತೀಚೆಗೆ ಬೇರೊಂದು ಬ್ಯಾಂಕಿಗೆ ಜೋಡಣೆಯಾಗಿ ಹಣ ಅಲ್ಲಿಗೆ ಹೋಗುತ್ತಿರಬಹುದು. ಆಧಾರ್ ಕೊನೆಯಲ್ಲಿ ಯಾವ ಖಾತೆಗೆ ಜೋಡಣೆಯಾಗಿದೆಯೋ ನೇರ ನಗದು ಹಣ ಅಲ್ಲಿಗೇ ಹೋಗುತ್ತದೆ. 2017ರಲ್ಲಿ ಒಂದು ಮೊಬೈಲ್ ಕಂಪನಿಯ ಪೇಮೆಂಟ್ಸ್ ಬ್ಯಾಂಕಿನಲ್ಲಿ ಗ್ರಾಹಕರಿಗೇ ಗೊತ್ತಿಲ್ಲದಂತೆ ಖಾತೆಗಳು ತೆರೆದುಕೊಂಡು ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹರಿದದ್ದು ಹೀಗೆಯೇ. ಬ್ಯಾಂಕಿನಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗಿದೆ’, ಅಂದರೆ ಆಧಾರ್ ಹಣ ಯಾವ ಖಾತೆಗೆ ಹೋಗುವಂತೆ ಜೋಡಣೆಯಾಗಿದೆ, ಅಂತ ಕೇಳಿ. ಕೌಂಟರಿನಲ್ಲಿ ನಿಂತಲ್ಲೇ ಹೇಳುತ್ತಾರೆ.

ಈಗ "ಕಂಪ್ಯೂಟರು ತಪ್ಪು ಮಾಡಲ್ಲ" ಅನ್ನುವ ಮಾತು. ಕಂಪ್ಯೂಟರು ಯಾವ ಕಾರ್ಡನ್ನೂ ತಾನಾಗಿ ರದ್ದು ಮಾಡುವುದಿಲ್ಲ. ಯಾವ ಎರಡು ಪಟ್ಟಿ ತಾಳೆ ಹಾಕಬೇಕು, ಯಾವುದು ಹೊಂದಿದರೆ ಅನರ್ಹ ಅನ್ನಬೇಕು, ಹೊಂದಿದ ಮೇಲೆ ಮನೆಗೆ ಹೋಗಿ ನೋಡಬೇಕೋ ಬೇಡವೋ, ಇದೆಲ್ಲ ಯಾರೋ ಒಬ್ಬರು ಮೇಜಿನ ಮುಂದೆ ಕೂತು ತೀರ್ಮಾನಿಸಿದ್ದು. ಮತ್ತೆ ಹೆಸರಿನಿಂದ ತಾಳೆ ನೋಡುವ ಪಟ್ಟಿಗಳಲ್ಲಂತೂ ಏನೇನಾಗುತ್ತದೆ ಅನ್ನುವುದನ್ನು ಕಣ್ಣಾರೆ ನೋಡಿದ್ದೇನೆ. ಒಂದೇ ಪಂಚಾಯಿತಿಯಲ್ಲಿ ಇಬ್ಬರು ಜಯಮ್ಮ. ಇಬ್ಬರ ಗಂಡಂದಿರೂ ರಂಗಯ್ಯ. ಇಬ್ಬರ ಹುಟ್ಟಿದ ದಿನವೂ 01-01-1956. ಇದೇನು ಸೋಜಿಗವಲ್ಲ; ಆಧಾರ್ ಮಾಡಿಸುವಾಗ ವರ್ಷ ಮಾತ್ರ ಹೇಳಿದವರಿಗೆಲ್ಲ ಜನವರಿ ಒಂದೇ ಬಿದ್ದಿದೆ. ಒಬ್ಬ ಜಯಮ್ಮ ತೀರಿಕೊಂಡರು. ಮರಣ ನೋಂದಣಿಯಲ್ಲಿ ಆಧಾರ್ ಸಂಖ್ಯೆ ಇರಲಿಲ್ಲ, ಹೆಸರು, ವಯಸ್ಸು, ಊರು ನೋಡಿ ತಾಳೆ ಹಾಕಿದರು. ಮಾಸಾಶನ ನಿಂತದ್ದು ಇನ್ನೊಬ್ಬರಿಗೆ. ಆಕೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರ ಎದುರು ಬೆಂಚಿನ ಮೇಲೆ ಕೂತಿದ್ದರು, ಪರದೆಯ ಮೇಲೆ ಕೆಂಪಕ್ಷರದಲ್ಲಿ ‘ಮರಣ’ ಅಂತಿತ್ತು. ಗುಮಾಸ್ತರಿಗೆ ಅನುಮಾನವೇ ಇರಲಿಲ್ಲ, ಆದರೆ ಅವರ ಲಾಗಿನ್‌ನಲ್ಲಿ ‘ಮರಣ’ ತೆಗೆಯುವ ಗುಂಡಿಯೇ ಇರಲಿಲ್ಲ. ಇಂಥ ಗುರುತು ಹಾಕುವ ಅಧಿಕಾರ ಕೆಳಗಿಟ್ಟು ಸರಿಮಾಡುವ ಅಧಿಕಾರ ಮೇಲಿಡುವುದು ಇಂಥ ವ್ಯವಸ್ಥೆಗಳ ದೊಡ್ಡ ಕಾಯಿಲೆ.

ಇನ್ನೊಂದು ಕಾರಣ ಬರೀ ಲೆಕ್ಕದ್ದು. ಒಂದು ಲಕ್ಷ ಕಾರ್ಡು ಇವೆ ಅಂದುಕೊಳ್ಳಿ, ಅದರಲ್ಲಿ ನಿಜವಾಗಿ ಅನರ್ಹರು 2,000. ನಮ್ಮ ಜಾಲ, ಅಂದರೆ ಪಟ್ಟಿ ತಾಳೆ ಹಾಕುವ ವ್ಯವಸ್ಥೆ, ಬಹಳ ಚೆನ್ನಾಗಿದೆ: ಅನರ್ಹರಲ್ಲಿ ನೂರಕ್ಕೆ 90 ಜನರನ್ನು ಹಿಡಿಯುತ್ತದೆ, ಅರ್ಹರಲ್ಲಿ ನೂರಕ್ಕೆ ಬರೀ 3 ಜನರನ್ನು ತಪ್ಪಾಗಿ ಹಿಡಿಯುತ್ತದೆ. ಸಿಕ್ಕಿಬಿದ್ದ ಅನರ್ಹರು 1,800. ತಪ್ಪಾಗಿ ಸಿಕ್ಕಿದ ಅರ್ಹರು, 98,000ದಲ್ಲಿ ನೂರಕ್ಕೆ ಮೂರರಂತೆ, 2,940. ಅಂದರೆ ಪಟ್ಟಿಯಲ್ಲಿ ಅನರ್ಹರಿಗಿಂತ ಅರ್ಹರೇ ಜಾಸ್ತಿ! ಸಭೆಗಳಲ್ಲಿ ಈ ಲೆಕ್ಕ ಬೋರ್ಡಿನ ಮೇಲೆ ಬರೆದಾಗಲೆಲ್ಲ ಒಂದು ನಿಮಿಷ ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರಾದರೊಬ್ಬರು "ಆದರೂ ಸರ್, ಟಾರ್ಗೆಟ್ ಇದೆಯಲ್ಲ" ಅನ್ನುತ್ತಾರೆ.

ಇದು ನಮ್ಮಲ್ಲಿ ಮಾತ್ರ ಆದದ್ದೇನಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2013ರಿಂದ 2015ರವರೆಗೆ ನಿರುದ್ಯೋಗ ಭತ್ಯೆಯ ಮೋಸ ಹಿಡಿಯೋಕೆ ಒಂದು ತಂತ್ರಾಂಶ ಬಿಟ್ಟರು. ಅದು ತಾನೇ ಮೋಸ ಎಂದು ತೀರ್ಮಾನಿಸಿದ್ದ 22,000ಕ್ಕೂ ಹೆಚ್ಚು ಪ್ರಕರಣಗಳನ್ನು ಆಮೇಲೆ ಮನುಷ್ಯರು ತೆಗೆದು ನೋಡಿದಾಗ ನೂರಕ್ಕೆ 93 ತಪ್ಪಾಗಿದ್ದವು. ನಿಮ್ಮ ಕಥೆಗೆ ಇನ್ನೂ ಹತ್ತಿರದ್ದು ಆಸ್ಟ್ರೇಲಿಯಾದ ‘ರೋಬೋಡೆಟ್’. ಅಲ್ಲಿ ಸಹಾಯಧನ ಕೊಡುವುದು ಹದಿನೈದು ದಿನದ ಲೆಕ್ಕದಲ್ಲಿ. ತೆರಿಗೆ ಇಲಾಖೆಯ ಹತ್ತಿರ ಇರುವುದು ವರ್ಷದ ಆದಾಯ. ವರ್ಷದ ಮೊತ್ತವನ್ನು 26ರಿಂದ ಭಾಗಿಸಿ, "ಪ್ರತಿ ಹದಿನೈದು ದಿನಕ್ಕೂ ನೀನು ಇಷ್ಟು ದುಡಿದಿದ್ದೀಯ, ಆದರೂ ಸಹಾಯಧನ ತಗೊಂಡಿದ್ದೀಯ, ವಾಪಸ್ ಕಟ್ಟು" ಅಂತ ನೋಟಿಸು ಕಳಿಸಿದರು. ನಾಲ್ಕು ತಿಂಗಳು ಕೆಲಸ ಮಾಡಿ ಎಂಟು ತಿಂಗಳು ಖಾಲಿ ಕೂತವನ ಮೇಲೂ ಸಾಲ ಬಿತ್ತು. ಎಷ್ಟೋ ವರ್ಷದ ಹಿಂದಿನ ಸಂಬಳ ಚೀಟಿ ಹುಡುಕುವ ಹೊಣೆ ಬಡವರ ಮೇಲೆಯೇ. ಕೊನೆಗೆ ಅದು ಕಾನೂನುಬಾಹಿರ ಎಂದಾಯಿತು. 2020ರಲ್ಲಿ ಸುಮಾರು 4.7 ಲಕ್ಷ ‘ಸಾಲ’ಗಳ ಹಣ, 72.1 ಕೋಟಿ ಡಾಲರ್, ಹಿಂದಿರುಗಿಸುವುದಾಗಿ ಸರಕಾರ ಘೋಷಿಸಿತು. 2023ರ ಜುಲೈನಲ್ಲಿ ವಿಚಾರಣಾ ಆಯೋಗ ಕಟುವಾದ ವರದಿ ಕೊಟ್ಟಿತು. ತೆರಿಗೆ ಇಲಾಖೆಯ ಅಂಕಿ ಸುಳ್ಳಾಗಿರಲಿಲ್ಲ. ಅದು ಹೇಳದ ಮಾತನ್ನು ಅದರ ಬಾಯಿಂದ ಹೇಳಿಸಿದರು.

ಪಕ್ಕದ ತೆಲಂಗಾಣದಲ್ಲಿ ಹೀಗೇ ಮಾಹಿತಿ ತಾಳೆ ಹಾಕಿ ರದ್ದುಮಾಡಿದ್ದ ಸುಮಾರು 19 ಲಕ್ಷ ರೇಷನ್ ಕಾರ್ಡುಗಳನ್ನು ಮನೆಮನೆಗೆ ಹೋಗಿ ಮರುಪರಿಶೀಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಜಾರ್ಖಂಡಿನಲ್ಲಿ 2016ರಿಂದ 2018ರ ನಡುವೆ ಅಳಿಸಿದ ಕಾರ್ಡುಗಳನ್ನು ಅರ್ಥಶಾಸ್ತ್ರಜ್ಞರ ತಂಡವೊಂದು ಹತ್ತು ಜಿಲ್ಲೆಗಳಲ್ಲಿ ಹುಡುಕಿಕೊಂಡು ಹೋದಾಗ, ಸುಮಾರು ನೂರಕ್ಕೆ 90ರಷ್ಟು ನಿಜವಾಗಿ ಇರುವ ಮನೆಗಳವೇ ಆಗಿದ್ದವು. ‘ಬೋಗಸ್ ಕಾರ್ಡು ಇಷ್ಟು ಲಕ್ಷ ರದ್ದು’ ಅನ್ನುವ ಸುದ್ದಿ ಓದುವಾಗ ನಾನು ಈ ಸಂಖ್ಯೆ ನೆನೆಸಿಕೊಳ್ಳುತ್ತೇನೆ.

ಹಾಗಾದರೆ ಇದೆಲ್ಲ ನೆಪವೇ? ಇಲ್ಲ ಅನ್ನುತ್ತೇನೆ. ಇದೇ ಮಾಹಿತಿಯಿಂದ ಆದ ಒಳ್ಳೆಯದನ್ನೂ ಹತ್ತಿರದಿಂದ ನೋಡಿದವನು ನಾನು. ‘ಮನೆ ಬಾಗಿಲಿಗೆ ಮಾಸಾಶನ’ 2021ರಲ್ಲಿ ಶುರುವಾಯಿತಲ್ಲ, ಬಿಪಿಎಲ್ ಕಾರ್ಡಿನಲ್ಲಿರುವ ಯಾರಿಗೆ 60 ತುಂಬಿತು ಅಂತ ಕಂಪ್ಯೂಟರೇ ಹುಡುಕಿ, ಗ್ರಾಮ ಲೆಕ್ಕಿಗರು ಮನೆಗೇ ಹೋಗಿ ಫೋಟೊ ತೆಗೆದು ಮಂಜೂರು ಮಾಡಿಸುವುದು ಅದರ ಕ್ರಮ. ಅರ್ಜಿ ಬರೆಯೋಕೆ ಬಾರದ, ಬ್ರೋಕರಿಗೆ ಕೊಡೋಕೆ ದುಡ್ಡಿಲ್ಲದ ಮುದುಕರಿಗೆ ಅದು ಸಣ್ಣ ಮಾತಲ್ಲ. ಅದೇ ವರ್ಷ ಬಂದ ರೈತ ವಿದ್ಯಾನಿಧಿಯಲ್ಲೂ ರೈತರ ಮಕ್ಕಳು ಯಾರು ಅಂತ ದಾಖಲೆಗಳನ್ನೇ ಜೋಡಿಸಿ ನೋಡಿ ವಿದ್ಯಾರ್ಥಿವೇತನ ಕಳಿಸಿದರು. ಇಲ್ಲಿ ತಾಳೆ ತಪ್ಪಿದರೆ ಒಬ್ಬರಿಗೆ ಹಣ ತಡವಾದೀತು, ಊಟ ತಪ್ಪುವುದಿಲ್ಲ. ಮರಣ ನೋಂದಣಿ ನೋಡಿ ವಿಧವಾ ವೇತನಕ್ಕೆ ಅರ್ಹರಾದವರನ್ನು ಹುಡುಕುವ ಕೆಲಸ ಇದೇ ಶ್ರದ್ಧೆಯಿಂದ ಎಲ್ಲ ತಾಲ್ಲೂಕಲ್ಲೂ ಆಗಬೇಕಿತ್ತು. ಹೆಸರು ತೆಗೆಯುವ ಪಟ್ಟಿಗೆ ಇರುವ ಅವಸರ ಸೇರಿಸುವ ಪಟ್ಟಿಗೆ ಯಾಕಿಲ್ಲ ಅನ್ನುವುದು ನನ್ನ ಹಳೆಯ ತಕರಾರು.

ಇನ್ನೊಂದು ಉಪಯೋಗದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಕಳ್ಳತನ ಎಲ್ಲಿ ಆಗುತ್ತದೆ ಅನ್ನುವುದನ್ನು ತೋರಿಸುವ ಅತಿ ಒಳ್ಳೆಯ ಪುರಾವೆ ನ್ಯಾಯಬೆಲೆ ಅಂಗಡಿಯ ಬೆರಳಚ್ಚು ಯಂತ್ರದೊಳಗೇ ಇರುತ್ತದೆ. ಒಮ್ಮೆ ಒಂದು ಅಂಗಡಿಯ ತಿಂಗಳ ವಹಿವಾಟನ್ನು ಸಮಯದ ಪ್ರಕಾರ ಜೋಡಿಸಿಕೊಂಡು ನೋಡುತ್ತಿದ್ದೆ. ಕಾರ್ಡಿಗೊಂದರಂತೆ ನಿಮಿಷದೊಳಗೆ ಒಂದು ವಹಿವಾಟು, ಎಡೆಬಿಡದೆ, ರಾತ್ರಿ ಊಟದ ಹೊತ್ತು ಕಳೆದ ಮೇಲೂ. ಅಕ್ಕಿ ತೂಗಿ ಚೀಲಕ್ಕೆ ಸುರಿಯೋಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ವಿಚಾರಿಸಿದಾಗ ಗೊತ್ತಾದದ್ದು: ಮೊದಲು ಎಲ್ಲರ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸುತ್ತಿದ್ದರು, ಅಕ್ಕಿ ‘ಸ್ಟಾಕ್ ಬಂದ ಮೇಲೆ’. ಬಂದ ಅಕ್ಕಿಯಲ್ಲಿ ತಲೆಗೆ ಒಂದೊಂದು ಕೆಜಿ ಕಮ್ಮಿ. ಒಂದು ಬಿಪಿಎಲ್ ಕಾರ್ಡನ್ನೂ ಮುಟ್ಟದೆ ಇಂಥದ್ದನ್ನು ಹಿಡಿಯಬಹುದು. ಫಲಾನುಭವಿಯನ್ನು ಶೋಧಿಸುವಷ್ಟು ಸುಲಭವಾಗಿ ಅಂಗಡಿಯವರನ್ನು, ಸಾಗಣೆದಾರರನ್ನು ಶೋಧಿಸಲು ಆಗುವುದಿಲ್ಲ, ಅವರ ಪರವಾಗಿ ಕೇಳುವವರಿದ್ದಾರೆ.

ಇಷ್ಟಾದ ಮೇಲೆ ನಿಮ್ಮ ಮನೆಗೆ ಬರೋಣ. ನಿಮ್ಮ ಪತ್ರದಲ್ಲಿ ಒಂದು ಅಂಕಿ ಬಿಟ್ಟುಹೋಗಿದೆ: ಆ ಎರಡು ರಿಟರ್ನ್‌ಗಳಲ್ಲಿ ಆಡಿಟರ್ ತೋರಿಸಿದ ಆದಾಯ ಎಷ್ಟು? ಸಾಲ ಸಿಗಲಿ ಅಂತ ನಾಲ್ಕೂವರೆ ಲಕ್ಷ ತೋರಿಸಿ, ರಿಯಾಯಿತಿಯಲ್ಲಿ ತೆರಿಗೆ ಸೊನ್ನೆ ಮಾಡುವುದು ಸಾಮಾನ್ಯ ಪದ್ಧತಿ. ಬಿಪಿಎಲ್‌ಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ. ಬ್ಯಾಂಕಿಗೆ ಒಂದು ಆದಾಯ, ಆಹಾರ ಇಲಾಖೆಗೆ ಇನ್ನೊಂದು ಆದಾಯ ಹೇಳಿದರೆ, ನೀವು ತೆರಿಗೆ ಪಾವತಿದಾರರಲ್ಲ ಅಂತ ಸಾಬೀತು ಮಾಡಲು ಕೊಡುವ ಅದೇ ಕಾಗದ ಆದಾಯದ ಮಿತಿ ಮೀರಿದ್ದಕ್ಕೆ ಸಾಕ್ಷಿಯಾಗುತ್ತದೆ. ಇದನ್ನು ಮುಚ್ಚಿಟ್ಟು ನಿಮಗೆ ಸಲಹೆ ಕೊಡಲಾರೆ. ಆ ಮಿತಿಯೇ ಅವಾಸ್ತವ ಅನ್ನುವುದು ಬೇರೆ ಮಾತು. ನರೇಗಾದಲ್ಲಿ 2025-26ರ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ದರದಲ್ಲಿ ಗಂಡ ಹೆಂಡತಿ ಇಬ್ಬರಿಗೂ ವರ್ಷಕ್ಕೆ ಇನ್ನೂರು ದಿನ ಎಲ್ಲೋ ಕೆಲಸ ಸಿಕ್ಕರೆ 1.48 ಲಕ್ಷ ಆಯಿತು, ಮಿತಿ ದಾಟಿತು. ಮಿತಿ ಹಾಗಿರುವಾಗ ಎಷ್ಟು ಹೊಸ ಪಟ್ಟಿ ತಂದು ತಾಳೆ ಹಾಕಿದರೂ ಕೂಲಿಯವರೇ ಸಿಕ್ಕಿಬೀಳುತ್ತಾರೆ.

ಹಾಗಾಗಿ ಮೊದಲು ರಿಟರ್ನ್ ತೆಗೆದು ನೋಡಿ. ಗಾಡಿ ಕೊಂಡ ಮೇಲಿನ ವರ್ಷಗಳಲ್ಲಿ ಸಣ್ಣ ಗೂಡ್ಸ್ ಗಾಡಿಯ ಅಂದಾಜು ಆದಾಯದ ನಿಯಮದಲ್ಲಿ (44ಎಇ) ರಿಟರ್ನ್ ಹಾಕಿದ್ದರೆ ತಿಂಗಳಿಗೆ 7,500ರಂತೆ ವರ್ಷಕ್ಕೆ 90,000 ಅಷ್ಟೇ ತೋರಿಸಿರುತ್ತಾರೆ. ಆಗ ನೀವು ಗಟ್ಟಿ ನೆಲದ ಮೇಲೆ ನಿಂತಿದ್ದೀರಿ. ರಿಟರ್ನ್ ಸ್ವೀಕೃತಿ, ತೆರಿಗೆ ಲೆಕ್ಕದ ಹಾಳೆ, 26ಎಎಸ್ (ಯಜಮಾನರ ಪ್ಯಾನ್‌ಗೆ ಜಮೆಯಾದ ತೆರಿಗೆಯ ವಿವರ) ಪ್ರತಿ, ಗಾಡಿಯ ಆರ್‌ಸಿ, ಇಷ್ಟನ್ನೂ ಲಗತ್ತಿಸಿ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ, ತಹಶೀಲ್ದಾರರ ಹೆಸರಿಗೆ ಅರ್ಜಿ ಕೊಡಿ. ಆರ್‌ಸಿ ಯಾಕೆಂದರೆ, ನಾಲ್ಕು ಚಕ್ರದ ವಾಹನ ಇದ್ದರೆ ಅನರ್ಹ ಅನ್ನುವ ಇನ್ನೊಂದು ನಿಯಮವೂ ಇದೆ. ಹೊಟ್ಟೆಪಾಡಿಗೆ ಸ್ವಂತ ಓಡಿಸುವ ಒಂದು ಹಳದಿ ಬೋರ್ಡಿನ ಗಾಡಿಗೆ ಅದರಲ್ಲಿ ವಿನಾಯಿತಿ ಇದೆ. ಇಂದು ಐಟಿ ಪಟ್ಟಿ, ನಾಳೆ ಸಾರಿಗೆ ಇಲಾಖೆಯ ಪಟ್ಟಿ ಬಂದೀತು. ಅರ್ಜಿಯ ನಕಲಿನ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಬಾಯಿಮಾತಲ್ಲಿ "ಮಾಡ್ತೀವಿ ಹೋಗಮ್ಮ" ಅಂದದ್ದು ಯಾವ ಕಡತದಲ್ಲೂ ಇರುವುದಿಲ್ಲ.

ಅಲ್ಲಿ ಸಾಗದಿದ್ದರೆ ಆಹಾರ ಭದ್ರತಾ ಕಾಯ್ದೆ 2013ರ ಪ್ರಕಾರ ಜಿಲ್ಲೆಗೊಬ್ಬರು ಕುಂದುಕೊರತೆ ನಿವಾರಣಾ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ ಇದೆ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಎರಡೇ ಪ್ರಶ್ನೆ ಕೇಳಿ: ನಮ್ಮ ಕಾರ್ಡನ್ನು ಯಾವ ಮಾನದಂಡದ ಮೇಲೆ ಬದಲಾಯಿಸಲಾಗಿದೆ, ಬದಲಾಯಿಸುವ ಮೊದಲು ನೋಟಿಸು ಕೊಟ್ಟ ದಾಖಲೆ ಎಲ್ಲಿ? ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ನೋಟಿಸು ಕೊಡದೆ, ಮನೆ ನೋಡದೆ ಬದಲಾಯಿಸಿದ್ದರೆ ನಿಮ್ಮ ಅತಿ ಬಲವಾದ ವಾದ ಅದೇ.

ರಿಟರ್ನ್‌ನಲ್ಲಿ ನಾಲ್ಕೈದು ಲಕ್ಷ ಇದ್ದರೆ? ಆಗಲೂ ‘ಪಾವತಿದಾರರಲ್ಲ’ ಅನ್ನುವ ಅರ್ಜಿ ಹಾಕಬಹುದು, ಗೆಲ್ಲಲೂಬಹುದು. ಆದರೆ ಆದಾಯದ ಪ್ರಶ್ನೆ ಎದ್ದರೆ ನಿಮ್ಮ ಹತ್ತಿರ ಉತ್ತರವಿರುವುದಿಲ್ಲ. ಹಳೆಯ ರಿಟರ್ನ್ ತಿದ್ದಿಸಿ ಆದಾಯ ಕಮ್ಮಿ ಮಾಡಿಸಿಕೊಡುತ್ತೇನೆ ಅಂತ ಯಾರಾದರೂ ಬಂದರೆ ದುಡ್ಡು ಕೊಡಬೇಡಿ. ವರ್ಷ ಕಳೆದ ಮೇಲೆ ಹಾಕುವ ಅಪ್ಡೇಟೆಡ್ ರಿಟರ್ನ್‌ನಲ್ಲಿ ತೆರಿಗೆ ಹೆಚ್ಚಿಸಬಹುದೇ ಹೊರತು ಇಳಿಸಲು ಬರುವುದಿಲ್ಲ.

ಎಪಿಎಲ್ ಆಗಿಯೇ ಉಳಿದರೆ ಅಕ್ಕಿಗಿಂತ ನೀವು ಹೆಚ್ಚು ಲೆಕ್ಕ ಹಾಕಬೇಕಾದದ್ದು ಆಸ್ಪತ್ರೆ ಖರ್ಚನ್ನು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಮಾತ್ರ ಸರಕಾರ ಭರಿಸುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. 67 ವರ್ಷದವರಿರುವ ಮನೆಗೆ ಇದು ದೊಡ್ಡ ವ್ಯತ್ಯಾಸ. ಅದಕ್ಕೇ "ಹೋದರೆ ಹೋಗಲಿ, ಅಕ್ಕಿ ತಾನೆ" ಅಂತ ಸುಮ್ಮನೆ ಕೂರಬೇಡಿ ಅನ್ನುತ್ತೇನೆ.

ಬೇರೆ ಕಾರ್ಡು ಮಾಡಿಸುವ ಸಲಹೆ ಕೊಟ್ಟವರು ಬ್ರೋಕರಿರಬೇಕು. ಅತ್ತೆಯವರು ನಿಜವಾಗಿ ಬೇರೆ ಒಲೆ ಹೂಡಿ ಬದುಕುತ್ತಿದ್ದರೆ ಅದು ಅವರ ಹಕ್ಕು, ಮಾಡಿಸಿ. ಒಂದೇ ಸೂರಿನಡಿ ಒಂದೇ ಅಡುಗೆ ಉಣ್ಣುತ್ತಾ ಕಾಗದದಲ್ಲಿ ಮಾತ್ರ ಬೇರೆಯಾದರೆ, ಸ್ಥಳ ಪರಿಶೀಲನೆಗೆ ಬಂದ ಆಹಾರ ನಿರೀಕ್ಷಕರ ಒಂದು ಷರಾದಲ್ಲಿ ಎರಡೂ ಕಾರ್ಡು ಹೋಗುತ್ತವೆ. ಈಗ ನೀವು ತಪ್ಪಾಗಿ ಸಿಕ್ಕಿಕೊಂಡವರು. ಆಮೇಲೆ ಸುಳ್ಳು ಹೇಳಿದವರಾಗುತ್ತೀರಿ.

ಉಳಿದದ್ದು ಪಕ್ಕದ ಮನೆ. ಅವರು ಯಾರ ಕೈಬಿಸಿ ಮಾಡಿದರು ಅಂತ ನೀವು ಯೋಚಿಸುತ್ತಿರಬಹುದು. ಬಹುಪಾಲು ಏನೂ ಬೇಕಾಗಿರುವುದಿಲ್ಲ. ಬಡ್ಡಿ ವ್ಯವಹಾರ ನಗದಿನಲ್ಲಿ ನಡೆಯುತ್ತದೆ, ಅದಕ್ಕೆ ಪ್ಯಾನ್ ಇಲ್ಲ, ಜಿಎಸ್‌ಟಿ ಇಲ್ಲ. ಕಾರು ಅಳಿಯನ ಹೆಸರಿನಲ್ಲಿರಬಹುದು. ಕಾಗದದ ಜಾಡು ಬಿಟ್ಟವರನ್ನು ಮಾತ್ರ ಈ ಜಾಲ ಕಾಣಬಲ್ಲದು, ನೀವು ಬ್ಯಾಂಕಿನ ಬಾಗಿಲಿಂದ ಹೋದಿರಿ, ಕಾಗದ ಬಿಟ್ಟಿರಿ. ಆಂಧ್ರದಲ್ಲಿ ನರೇಗಾ ಲೆಕ್ಕವನ್ನು ಜನರೆದುರು ಓದಿ ಸಾಮಾಜಿಕ ಪರಿಶೋಧನೆ ಮಾಡಿದ್ದು ಇಂಥ ಕುರುಡುತನಕ್ಕೇ ಮದ್ದಾಗಿ: ಪಟ್ಟಿ ಕಾಣದ್ದು ಊರಿಗೆ ಕಾಣುತ್ತದೆ. ನಮ್ಮಲ್ಲೂ ಗ್ರಾಮಸಭೆಯಲ್ಲಿ ಹೆಸರು ಓದಿಸಿ ಅಂತ ನೀವು ಕೇಳಬಹುದು. ಆದರೆ ನಿಮ್ಮ ಕಾರ್ಡಿನ ಅರ್ಜಿಯಲ್ಲಿ ಅವರ ಸುದ್ದಿ ಒಂದು ಸಾಲೂ ಬರೆಯಬೇಡಿ. ಬರೆದರೆ ಅದು ನೆರೆಹೊರೆ ಜಗಳದ ದೂರು ಅಂತ ಬೇರೆ ಕಡತಕ್ಕೆ ಹೋಗುತ್ತದೆ, ನಿಮ್ಮ ರಿಟರ್ನ್ ಕಾಗದಗಳೂ ಅದರ ಜೊತೆಯಲ್ಲೇ ಹೋಗುತ್ತವೆ.